ಬಲಿಪೂಜೆಯ ನಾಮಸ್ಮರಣೆ

ಅಘನಾಶಿನಿಯ ಅಳಿವೆಯಿಂದ ತೆಂಕಲಿಗೆ ಶರಾವತಿಯನ್ನು ದಾಟಿ ಭಟ್ಕಳದವರೆಗೆ ಹಬ್ಬಿರುವ ಕಡಲತಡಿಯಲ್ಲಿ, ಹಿರಿಯರ ಹೆಸರು ಹೇಳಿ ದೇವರ ಮುಂದೆ ನಿಲ್ಲುವ ಆಚಾರವು ಯಾವ ಮತದವರಿಗೂ ಹೊಸತಲ್ಲ. ಕುಮಟಾ ತಾಲೂಕಿನ ಗೋಕರ್ಣದಲ್ಲಿ ಪಿತೃಕಾರ್ಯಕ್ಕೆ ಕುಳಿತವನು ತಂದೆ, ಅಜ್ಜ, ಮುತ್ತಜ್ಜರ ಹೆಸರುಗಳನ್ನು ಗೋತ್ರಸಹಿತವಾಗಿ ಉಚ್ಚರಿಸದೆ ಎಳ್ಳುನೀರು ಬಿಡಲಾರನು. ಹೊನ್ನಾವರ ಸೀಮೆಯ ಹವ್ಯಕ ವಟುವಿಗೆ ಉಪನಯನದ ಕಾಲದಲ್ಲಿ ತನ್ನ ಪ್ರವರದ ಋಷಿಗಳ ಹೆಸರುಗಳನ್ನು ಬಾಯಿಪಾಠ ಮಾಡಿಸುತ್ತಾರೆ. ಭಟ್ಕಳದ ನವಾಯತರ ಮಸೀದಿಗಳಲ್ಲಿ ಶುಕ್ರವಾರದ ಖುತ್ಬಾದೊಳಗೆ ಪ್ರವಾದಿಯವರ ಅನಂತರದ ನಾಲ್ವರು ಖಲೀಫರನ್ನು ನೆನೆಯುವ ರೂಢಿಯುಂಟು. ಇದೇ ಕರಾವಳಿಯ ಇಗರ್ಜಿಗಳಲ್ಲಿ, ಕೊಂಕಣಿಯಲ್ಲಿಯೋ ಕನ್ನಡದಲ್ಲಿಯೋ ಪ್ರತಿ ಭಾನುವಾರ ನಡೆಯುವ ಕಥೋಲಿಕರ ಬಲಿಪೂಜೆಯಲ್ಲಿಯೂ ಹೆಸರುಗಳ ಒಂದು ದೀರ್ಘ ಪರಂಪರೆ ಅಡಗಿದೆ. ಆ ಹೆಸರುಗಳು ಯಾರವು, ಅವು ಅಲ್ಲಿಗೆ ಎಂದು, ಯಾವ ಕಾರಣದಿಂದ ಬಂದುವು, ಈ ನೆಲದಲ್ಲಿ ಬಾಳಿದವರ ಹೆಸರಿಗೆ ಅಲ್ಲಿ ಎಡೆಯುಂಟೆ ಎಂಬ ಪ್ರಶ್ನೆಗಳನ್ನು ಒಟ್ಟಾಗಿ ಪರಿಶೀಲಿಸುವುದು ಈ ಲೇಖನದ ಉದ್ದೇಶವಾಗಿದೆ.

ಬಲಿಪೂಜೆಯು ವಾಚನ ಮತ್ತು ಬಲಿ ಎಂಬ ಎರಡು ಅಂಗಗಳಿಂದ ಕೂಡಿದುದು. ಆರಂಭದಲ್ಲಿಯೇ ಬರುವ ಪಾಪನಿವೇದನೆಯಲ್ಲಿ ಈಗ ಹೆಸರಿನಿಂದ ಕರೆಯಲ್ಪಡುವವರು ಕನ್ಯಾಮರಿಯಮ್ಮನವರೊಬ್ಬರೇ. ಉಳಿದವರು ದೇವದೂತರು ಮತ್ತು ಸಂತರು ಎಂಬ ಸಮಷ್ಟಿಯಲ್ಲಿ ಸೇರಿಹೋಗುತ್ತಾರೆ. 1969ರ ಪೂಜಾಸುಧಾರಣೆಗೆ ಮುನ್ನ, ಲತೀನ್ ಭಾಷೆಯ ಪೂಜೆಯಲ್ಲಿ, ಇದೇ ನಿವೇದನೆಯೊಳಗೆ ಪ್ರಧಾನ ದೇವದೂತ ಮಿಕಾಯೇಲರು, ಸ್ನಾನಿಕ ಯೊವಾನ್ನರು, ಪೇತ್ರ ಪೌಲರು ತಮ್ಮ ತಮ್ಮ ಹೆಸರಿನಿಂದಲೇ ಸಾಕ್ಷಿಗಳಾಗಿ ನಿಲ್ಲುತ್ತಿದ್ದರು. ಬಳಿಕ ಬರುವ ವಾಚನಗಳಲ್ಲಿ ಹೆಸರುಗಳಿಗೆ ಮಿತಿಯೇ ಇಲ್ಲ. ಭಾನುವಾರದ ವಾಚನಗಳು ಮೂರು ವರ್ಷಗಳ ಆವರ್ತದಲ್ಲಿ ನಡೆಯುವುದರಿಂದ, ಮೊದಲ ವರ್ಷ ಮತ್ತಾಯ, ಎರಡನೆಯ ವರ್ಷ ಮಾರ್ಕ, ಮೂರನೆಯ ವರ್ಷ ಲೂಕ ಎಂಬ ಶುಭಸಂದೇಶಕಾರರು ಪ್ರಧಾನರಾಗಿ, ಅವರ ಬೆನ್ನಿಗೆ ಅಬ್ರಹಾಮ, ಮೋಶೆ, ಎಲೀಯ, ಯೆಶಾಯ ಮೊದಲಾದವರು ಸರದಿಯಂತೆ ಬಂದು ಹೋಗುತ್ತಾರೆ; ನಡುವೆ ಹಾಡಲ್ಪಡುವ ಕೀರ್ತನೆಗೆ ದಾವೀದನ ಸ್ಮರಣೆ ಸಹಜವಾಗಿಯೇ ಹೊಂದಿಕೊಂಡಿರುತ್ತದೆ. ಆದರೆ ವಾಚನದ ವ್ಯಕ್ತಿಗಳು ಆಯಾ ದಿನದ ಅತಿಥಿಗಳು. ಪೂಜೆಯ ಸ್ಥಿರಭಾಗದಲ್ಲಿ ನಿತ್ಯವೂ ಅಥವಾ ವಿಧಿಪೂರ್ವಕವಾಗಿಯೂ ಸ್ಮರಿಸಲ್ಪಡುವವರೇ ನಮ್ಮ ವಿಚಾರಕ್ಕೆ ಮುಖ್ಯರು.

ಅಂಥವರಲ್ಲಿ ಅತ್ಯಂತ ವಿಸ್ಮಯಕರವಾದ ಹೆಸರು ವಿಶ್ವಾಸಪ್ರಮಾಣದಲ್ಲಿ ಬರುತ್ತದೆ. 325ರ ನಿಸೇಯ ಮಹಾಸಭೆಯಲ್ಲಿ ರೂಪುಗೊಂಡು 381ರ ಕಾನ್‌ಸ್ಟಾಂಟಿನೋಪಲ್ ಸಭೆಯಲ್ಲಿ ಪೂರ್ಣಗೊಂಡ ಆ ಘೋಷಣೆಯೊಳಗೆ, ಯೇಸುಕ್ರಿಸ್ತರ ಹೊರತು ಇಬ್ಬರೇ ಇಬ್ಬರು ಮನುಷ್ಯರ ಹೆಸರುಗಳಿವೆ: ಒಂದು ಮಾತೆ ಮರಿಯಮ್ಮನವರದು, ಇನ್ನೊಂದು ಪೊಂತ್ಯ ಪಿಲಾತನದು. ಸಂತನೂ ಅಲ್ಲದ, ಶಿಷ್ಯನೂ ಅಲ್ಲದ, ನಿರಪರಾಧಿಗೆ ಮರಣದಂಡನೆಯನ್ನು ವಿಧಿಸಿದ ಒಬ್ಬ ರೋಮನ್ ಅಧಿಕಾರಿಯ ಹೆಸರನ್ನು ಲೋಕದ ಸಮಸ್ತ ಕಥೋಲಿಕರೂ ಭಾನುವಾರ ಭಾನುವಾರ ಎದ್ದುನಿಂತು ಉಚ್ಚರಿಸುತ್ತಾರೆಂಬುದು ಮೊದಲ ನೋಟಕ್ಕೆ ಅಸಂಗತವಾಗಿ ತೋರಬಹುದು. ಆದರೆ ಕನ್ನಡ ನಾಡಿನ ಶಿಲಾಶಾಸನಗಳನ್ನು ಓದಿದವರಿಗೆ ಇದರ ಮರ್ಮ ಸುಲಭವಾಗಿ ಹೊಳೆಯುತ್ತದೆ. ಭಟ್ಕಳದ ಬಸದಿಗಳಿಗೆ ಬಿಟ್ಟ ದತ್ತಿಯ ಶಾಸನವಾಗಲಿ, ಬೇರೆ ಯಾವ ಊರಿನ ದಾನಶಾಸನವಾಗಲಿ, ಇಂಥ ಅರಸನು ರಾಜ್ಯವಾಳುತ್ತಿರುವಲ್ಲಿ ಎಂದು ಕಾಲವನ್ನು ಗುರುತಿಸದೆ ಮುಂದುವರಿಯುವುದಿಲ್ಲವಷ್ಟೆ; ಅದೇ ರೀತಿಯಲ್ಲಿ, ಯೇಸುವಿನ ಯಾತನೆಯು ಕಲ್ಪಿತಕಥೆಯ ಕಾಲಾತೀತ ಘಟನೆಯಲ್ಲವೆಂದೂ, ಯೂದಾಯ ಪ್ರಾಂತವನ್ನು ಕ್ರಿ.ಶ. 26ರಿಂದ 36ರವರೆಗೆ ಆಳಿದ ಒಬ್ಬ ಅಧಿಕಾರಿಯ ಕಾಲದಲ್ಲಿ ನೆಲದ ಮೇಲೆ ನಡೆದ ಘಟನೆಯೆಂದೂ ಸ್ಥಾಪಿಸುವುದಕ್ಕಾಗಿಯೇ ಪಿಲಾತನ ಹೆಸರು ಅಲ್ಲಿ ಉಳಿದುಕೊಂಡಿತು. 1961ರಲ್ಲಿ ಕೈಸರೈಯದ ಹಳೆಯ ರಂಗಶಾಲೆಯ ಅವಶೇಷಗಳಲ್ಲಿ ಅವನ ಹೆಸರನ್ನು ಕೊರೆದ ಕಲ್ಲೊಂದು ದೊರೆತು, ಪ್ರಾರ್ಥನೆಯ ಸಾಕ್ಷ್ಯಕ್ಕೆ ಶಾಸನದ ಸಾಕ್ಷ್ಯವೂ ಕೂಡಿಕೊಂಡಿತು.

ಹೆಸರಿಲ್ಲದೆ ಬರುವವರೂ ಕೆಲವರುಂಟು. ಮಹಾಪ್ರಾರ್ಥನೆಗೆ ಮುನ್ನ ಹಾಡಲ್ಪಡುವ ತ್ರಿವಾರ ಪವಿತ್ರಗಾನವು ಪ್ರವಾದಿ ಯೆಶಾಯನು ದರ್ಶನದಲ್ಲಿ ಸೆರಾಫಿಯರ ಬಾಯಿಂದ ಕೇಳಿದುದು. ರೊಟ್ಟಿಯನ್ನು ಮುರಿಯುವಾಗಿನ ಕುರಿಮರಿಯ ಸಂಬೋಧನೆಯು ಸ್ನಾನಿಕ ಯೊವಾನ್ನರ ಮಾತು. ಪರಮಪ್ರಸಾದವನ್ನು ಸ್ವೀಕರಿಸುವ ಮುನ್ನ ಸಭೆಯೆಲ್ಲ ತನ್ನ ಅಯೋಗ್ಯತೆಯನ್ನು ಹೇಳಿಕೊಳ್ಳುವ ಮಾತುಗಳು ಕಫೆರ್ನವುಮಿನ ಒಬ್ಬ ರೋಮನ್ ಶತಾಧಿಪತಿಯವು. ಅವನು ಯೆಹೂದ್ಯನಲ್ಲ, ಪರಕೀಯ ಸೈನ್ಯದ ಸೇವಕ. ಮನೆಯ ಆಳಿನ ಕಾಯಿಲೆಗಾಗಿ ಮೊರೆಯಿಟ್ಟವನು. ಸುವಾರ್ತೆಯು ಅವನ ಹೆಸರನ್ನು ಉಳಿಸಲಿಲ್ಲ, ಮಾತನ್ನು ಉಳಿಸಿತು. ಪೂಜೆಯಲ್ಲಿ ಭಾಗವಹಿಸುವ ಪ್ರತಿಯೊಬ್ಬನೂ ಅತ್ಯಂತ ಪವಿತ್ರವಾದ ಕ್ಷಣದಲ್ಲಿ ಒಬ್ಬ ಅನ್ಯಧರ್ಮೀಯನ ಮಾತನ್ನೇ ತನ್ನ ಮಾತಾಗಿಸಿಕೊಳ್ಳುತ್ತಾನೆಂಬುದು ನನಗೆ ಎಂದಿಗೂ ಹೃದ್ಯವಾದ ಸಂಗತಿಯಾಗಿದೆ.

ಇನ್ನು ಪೂಜೆಯ ಹೃದಯಸ್ಥಾನದಲ್ಲಿರುವ ಮಹಾಪ್ರಾರ್ಥನೆ. ಇದರಲ್ಲಿ ಈಗ ಸಾಮಾನ್ಯವಾಗಿ ಬಳಕೆಯಲ್ಲಿರುವ ನಾಲ್ಕು ಪಾಠಗಳಿದ್ದು, ಮೊದಲನೆಯದಾದ ರೋಮನ್ ಕ್ಯಾನನ್ ಅತ್ಯಂತ ಪ್ರಾಚೀನವಾದುದು. ಉಳಿದ ಮೂರು 1968ರಲ್ಲಿ ಬಳಕೆಗೆ ಬಂದುವು. ಆದಿಕಾಲದ ಕ್ರೈಸ್ತರು ಜೀವಿತರ ಮತ್ತು ಮೃತರ ಹೆಸರುಗಳನ್ನು ಮಡಿಚುವ ಎರಡು ಹಲಗೆಗಳ ಮೇಲೆ ಬರೆದಿಟ್ಟು, ಬಲಿಯ ಸಮಯದಲ್ಲಿ ಓದುತ್ತಿದ್ದರು. ಹಲಗೆಯಿಂದ ಒಬ್ಬರ ಹೆಸರನ್ನು ಅಳಿಸುವುದೆಂದರೆ ಸಭೆಯ ಸಖ್ಯದಿಂದಲೇ ಅವರನ್ನು ಹೊರಗಿಟ್ಟಂತೆ. ಆ ಪದ್ಧತಿಯಿಂದ ಬೆಳೆದು, ಸುಮಾರು ಆರನೆಯ ಶತಮಾನದ ಅಂತ್ಯದ ವೇಳೆಗೆ, ಅಂದರೆ ಮಹಾ ಗ್ರೆಗೊರಿಯವರು ರೋಮಿನ ಪೀಠದಲ್ಲಿದ್ದ ಕಾಲಕ್ಕೆ, ಸ್ಥಿರರೂಪವನ್ನು ಪಡೆದ ಎರಡು ನಾಮಾವಳಿಗಳು ಮೊದಲನೆಯ ಪ್ರಾರ್ಥನೆಯಲ್ಲಿ ಇಂದಿಗೂ ಇವೆ. ಬಲಿಗೆ ಮೊದಲು ಬರುವ ಪಟ್ಟಿಯಲ್ಲಿ ಮರಿಯಮ್ಮನವರ ತರುವಾಯ ಹನ್ನೆರಡು ಮಂದಿ ಪ್ರೇಷಿತರು: ಪೇತ್ರ, ಪೌಲ, ಅಂದ್ರೆಯ, ಯಕೋಬ, ಯೊವಾನ್ನ, ತೋಮ, ಇನ್ನೊಬ್ಬ ಯಕೋಬ, ಫಿಲಿಪ್ಪ, ಬಾರ್ತೊಲೊಮಾಯ, ಮತ್ತಾಯ, ಸಿಮೋನ, ತದ್ದಾಯ. ಅವರ ಸಮಕ್ಕೆ ಹನ್ನೆರಡು ಮಂದಿ ರಕ್ತಸಾಕ್ಷಿಗಳು: ಲೀನ, ಕ್ಲೇತ, ಕ್ಲೆಮೆಂತ, ಸಿಕ್ಸ್ತ, ಕೊರ್ನೇಲಿಯ, ಸಿಪ್ರಿಯಾನ, ಲಾರೆನ್ಸ, ಕ್ರಿಸೋಗೊನ, ಯೊವಾನ್ನ ಮತ್ತು ಪೌಲ ಎಂಬ ಸೋದರರು, ಕೊಸ್ಮ ಮತ್ತು ದಮಿಯಾನ. ಬಲಿಯ ಅನಂತರ ಬರುವ ಎರಡನೆಯ ಪಟ್ಟಿಯಲ್ಲಿ ಸ್ನಾನಿಕ ಯೊವಾನ್ನರ ಹಿಂದೆ ಏಳು ಮಂದಿ ಪುರುಷರೂ ಏಳು ಮಂದಿ ಸ್ತ್ರೀಯರೂ ಬರುತ್ತಾರೆ. ಎರಡು ಪಟ್ಟಿಗಳ ನಡುವೆ, ಕಾಣಿಕೆಯ ಸಂದರ್ಭದಲ್ಲಿ, ಕುರಿಮರಿಯನ್ನರ್ಪಿಸಿದ ಆಬೇಲನೂ ಮಗನನ್ನೇ ಅರ್ಪಿಸಹೊರಟ ಅಬ್ರಹಾಮನೂ ರೊಟ್ಟಿ ಮತ್ತು ದ್ರಾಕ್ಷಾರಸವನ್ನು ತಂದ ಸಾಲೇಮಿನ ಅರಸನಾದ ಯಾಜಕ ಮೆಲ್ಕಿಸದೇಕನೂ ಸ್ಮರಿಸಲ್ಪಡುತ್ತಾರೆ.

ಈ ಪಟ್ಟಿಯನ್ನು ರಚಿಸಿದವರು ಯಾರನ್ನು ಆರಿಸಿಕೊಂಡರೆಂಬುದು ಗಮನಾರ್ಹ. ಪ್ರೇಷಿತರ ಹೊರತು ಉಳಿದವರಲ್ಲಿ ಬಹುಮಂದಿ ರೋಮ್ ನಗರದ ಜನರಿಗೆ ಸಮಾಧಿಗಳ ಮೂಲಕ ಪರಿಚಿತರಾಗಿದ್ದವರು. ತತ್ತ್ವಗ್ರಂಥಗಳನ್ನು ಬರೆದ ಮಹಾಪಂಡಿತರಾದ ಅಗಸ್ತೀನರಿಗಾಗಲಿ ಜೆರೋಮರಿಗಾಗಲಿ ಅಲ್ಲಿ ಎಡೆ ದೊರೆಯಲಿಲ್ಲ. ಪಾಂಡಿತ್ಯಕ್ಕಿಂತಲೂ ಪ್ರಾಣಾರ್ಪಣೆಯೇ ಯೋಗ್ಯತೆಯೆನಿಸಿತು. ಲಾರೆನ್ಸರು ರೋಮ್ ಸಭೆಯ ಉಪಯಾಜಕರಾಗಿದ್ದು ಬಡವರ ಭಂಡಾರವನ್ನು ನೋಡಿಕೊಳ್ಳುತ್ತಿದ್ದವರು; ಸಭೆಯ ಐಶ್ವರ್ಯವನ್ನು ಒಪ್ಪಿಸೆಂದು ಅಧಿಕಾರಿಯು ಕೇಳಿದಾಗ ನಗರದ ದರಿದ್ರರನ್ನು ಕೂಡಿಸಿ ತೋರಿಸಿದರೆಂಬ ಕಥೆಯನ್ನು ಪರಂಪರೆಯು ಉಳಿಸಿಕೊಂಡಿದೆ. 258ರ ಆಗಸ್ಟ್ ತಿಂಗಳಲ್ಲಿ, ಪೋಪ್ ಎರಡನೆಯ ಸಿಕ್ಸ್ತರು ಹತರಾದ ನಾಲ್ಕು ದಿನಗಳಿಗೆ, ಲಾರೆನ್ಸರೂ ಹತರಾದರು; ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕಾರ್ಥೇಜಿನ ಧರ್ಮಾಧ್ಯಕ್ಷ ಸಿಪ್ರಿಯಾನರ ಶಿರಚ್ಛೇದವಾಯಿತು. ಕೊಸ್ಮ ಮತ್ತು ದಮಿಯಾನರು ಸಿರಿಯಾದ ವೈದ್ಯರು. ರೋಗಿಗಳಿಂದ ಕಾಸು ಮುಟ್ಟದವರೆಂದು ಪ್ರಖ್ಯಾತರು. ಇನ್ನು ಎರಡನೆಯ ಪಟ್ಟಿಯ ಇಗ್ನೇಷಿಯಸರು: ಹೊನ್ನಾವರ ಸೀಮೆಯಲ್ಲಿ ಆ ಹೆಸರನ್ನೆತ್ತಿದರೆ ಪಟ್ಟಣದ ಸೇಂಟ್ ಇಗ್ನೇಷಿಯಸ್ ಆಸ್ಪತ್ರೆ ಮೊದಲು ನೆನಪಾಗುವುದು ಸಹಜ, ಯೇಸುಸಭೆಯನ್ನು ಸ್ಥಾಪಿಸಿದ ಲೊಯೋಲದ ಇಗ್ನೇಷಿಯಸರನ್ನು ಬಲ್ಲವರೂ ಅನೇಕರು. ಪ್ರಾರ್ಥನೆಯಲ್ಲಿರುವವರಾದರೋ ಅವರಿಗಿಂತ ಹದಿನಾಲ್ಕು ಶತಮಾನಗಳಷ್ಟು ಹಿರಿಯರಾದ ಅಂತಿಯೋಕ್ಯದ ಧರ್ಮಾಧ್ಯಕ್ಷರು. ಎರಡನೆಯ ಶತಮಾನದ ಆರಂಭದಲ್ಲಿ ಸೈನಿಕರ ಕಾವಲಿನಲ್ಲಿ ರೋಮಿಗೆ ಒಯ್ಯಲ್ಪಡುತ್ತ, ದಾರಿಯುದ್ದಕ್ಕೂ ಸಭೆಗಳಿಗೆ ಪತ್ರಗಳನ್ನು ಬರೆದವರು.

ಆದರೆ ನಾಮಾವಳಿಯ ಅತ್ಯಂತ ಅಮೂಲ್ಯವಾದ ಭಾಗವು, ನನ್ನ ಅಭಿಪ್ರಾಯದಲ್ಲಿ, ಅದರ ಕೊನೆಯಲ್ಲಿ ಬರುವ ಏಳು ಮಂದಿ ಸ್ತ್ರೀಯರು: ಫೆಲಿಸಿತಾ, ಪೆರ್ಪೆತುವಾ, ಆಗಾಥಾ, ಲೂಸಿಯಾ, ಆಗ್ನೆಸ್, ಸೆಸಿಲಿಯಾ, ಅನಸ್ತಾಸಿಯಾ. ಸಿಸಿಲಿ ದ್ವೀಪದ ಕತಾನಿಯದವರು ಆಗಾಥಾ, ಅದೇ ದ್ವೀಪದ ಸಿರಾಕೂಸದವರು ಲೂಸಿಯಾ. ಆಗ್ನೆಸರು ರೋಮಿನಲ್ಲಿ ಹನ್ನೆರಡು ಹದಿಮೂರರ ವಯಸ್ಸಿನಲ್ಲಿಯೇ ಪ್ರಾಣವನ್ನರ್ಪಿಸಿದ ಬಾಲೆಯೆಂದು ಪರಂಪರೆಯು ಹೇಳುತ್ತದೆ. ಪೆರ್ಪೆತುವಾ ಮತ್ತು ಫೆಲಿಸಿತಾ ಇಬ್ಬರೂ 203ರ ಮಾರ್ಚ್ 7ರಂದು ಕಾರ್ಥೇಜಿನ ಕ್ರೀಡಾಂಗಣದಲ್ಲಿ ಹತರಾದವರು. ಪೆರ್ಪೆತುವಾ ಕುಲೀನ ಮನೆತನದ ಇಪ್ಪತ್ತೆರಡರ ಹರೆಯದ ತಾಯಿ. ಮೊಲೆಯುಣ್ಣುವ ಕೂಸನ್ನು ಎತ್ತಿಕೊಂಡು ಸೆರೆಮನೆಯಲ್ಲಿದ್ದು, ಮುದಿ ತಂದೆಯು ಕಾಲಿಗೆ ಬಿದ್ದು ಬೇಡಿಕೊಂಡರೂ ವಿಶ್ವಾಸವನ್ನು ನಿರಾಕರಿಸದೆ, ಆ ದಿನಗಳ ವೃತ್ತಾಂತವನ್ನು ಸ್ವಹಸ್ತದಿಂದ ಬರೆದಿಟ್ಟವರು. ಕ್ರೈಸ್ತ ಸ್ತ್ರೀಯೊಬ್ಬರು ಬರೆದುದಾಗಿ ನಮಗೆ ದೊರೆತಿರುವ ಬರಹಗಳಲ್ಲಿ ಅದು ಅತಿ ಪ್ರಾಚೀನವಾದವುಗಳಲ್ಲೊಂದು. ಫೆಲಿಸಿತಾ ಒಬ್ಬ ದಾಸಿ. ಎಂಟು ತಿಂಗಳ ಗರ್ಭಿಣಿಯಾಗಿ ಬಂಧಿತರಾಗಿ, ಗರ್ಭಿಣಿಯನ್ನು ವಧಿಸಬಾರದೆಂಬ ಕಾನೂನಿನಿಂದ ತಾನೊಬ್ಬಳೇ ಸಂಗಾತಿಗಳಿಂದ ಅಗಲಿ ಉಳಿಯಬೇಕಾದೀತೆಂದು ದುಃಖಿಸಿ, ಸೆರೆಯಲ್ಲಿಯೇ ಹೆಣ್ಣುಮಗುವನ್ನು ಹೆತ್ತು, ಮಗುವನ್ನು ಮತ್ತೊಬ್ಬ ಕ್ರೈಸ್ತ ಮಹಿಳೆಯ ಮಡಿಲಿಗೊಪ್ಪಿಸಿ ಸಾವಿನೆಡೆಗೆ ನಡೆದವರು. ಪ್ರಾರ್ಥನೆಯಲ್ಲಿ ಈ ಇಬ್ಬರ ಹೆಸರುಗಳ ಕ್ರಮವನ್ನು ನೋಡಬೇಕು: ದಾಸಿಯ ಹೆಸರು ಮುಂದೆ, ಕುಲೀನೆಯ ಹೆಸರು ಹಿಂದೆ. ರೋಮನ್ ಸಾಮ್ರಾಜ್ಯದ ಬೇರಾವ ಸಭೆಯಲ್ಲಿಯೂ ಈ ಕ್ರಮದಲ್ಲಿ ಅವರನ್ನು ಕರೆಯುತ್ತಿರಲಿಲ್ಲ.

ಹೀಗೆ ಸ್ಥಿರವಾದ ಪಟ್ಟಿಗೆ ಹದಿಮೂರು ಶತಮಾನಗಳಿಗಿಂತಲೂ ಹೆಚ್ಚು ಕಾಲ ಹೊಸ ಹೆಸರೊಂದೂ ಸೇರಲಿಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆಯ ಮೊದಲ ಅಧಿವೇಶನದಲ್ಲಿ, ಯುಗೊಸ್ಲಾವಿಯದ ಮೊಸ್ತಾರಿನ ಧರ್ಮಾಧ್ಯಕ್ಷರಾದ ಪೇತಾರ್ ಚೂಲೆಯವರು ಸಂತ ಜೋಸೆಫರ ಹೆಸರನ್ನು ಸೇರಿಸಬೇಕೆಂದು ವಾದಿಸಿದ ಕೆಲವೇ ದಿನಗಳಲ್ಲಿ, 1962ರ ನವೆಂಬರ್ 13ರಂದು, ಪೋಪ್ ಇಪ್ಪತ್ತಮೂರನೆಯ ಜಾನರ ನಿರ್ಧಾರವು ಪ್ರಕಟವಾಯಿತು. ಡಿಸೆಂಬರ್ 8ರಿಂದ ಅದು ಆಚರಣೆಗೆ ಬಂದಿತು. ಉಳಿದ ಮೂರು ಪ್ರಾರ್ಥನೆಗಳಲ್ಲಿ ಜೋಸೆಫರ ಹೆಸರು ಸೇರಿದುದು ಇನ್ನೂ ತಡವಾಗಿ, 2013ರ ಮೇ ತಿಂಗಳಿನಲ್ಲಿ. ಮರಗೆಲಸದಿಂದ ಜೀವನ ಸಾಗಿಸಿದ, ಶುಭಸಂದೇಶಗಳಲ್ಲಿ ಒಂದು ಮಾತನ್ನೂ ಆಡದ ಈ ಮಹನೀಯರು ಇಷ್ಟು ದೀರ್ಘಕಾಲ ಕಾದುನಿಂತುದನ್ನು ಕಂಡಾಗ, ಈ ಪಟ್ಟಿಯ ದ್ವಾರವು ಎಷ್ಟು ಬಿಗಿಯಾದುದೆಂಬುದು ತಿಳಿಯುತ್ತದೆ.

ಈ ಹೆಸರುಗಳು ನಮ್ಮ ಕರಾವಳಿಗೆ ಬಂದುದು ಹೇಗೆ? 1569ರ ಸುಮಾರಿಗೆ ಪೋರ್ಚುಗೀಸರು ಹೊನ್ನಾವರದ ಕೋಟೆಯನ್ನು ಹಿಡಿದ ಕಾಲದಿಂದ ಇಲ್ಲಿ ವ್ಯವಸ್ಥಿತವಾದ ಕಥೋಲಿಕ ಆರಾಧನೆ ಮೊದಲಾಯಿತೆನ್ನಬಹುದು. ಗೋವೆಯಿಂದ ಕೊಂಕಣಿ ಮಾತಾಡುವ ಕ್ರೈಸ್ತರು ತಂಡತಂಡವಾಗಿ ತೆಂಕಣಕ್ಕೆ ಬಂದು ನೆಲಸಿದುದು ಅನಂತರದ ಎರಡು ಶತಮಾನಗಳ ಕಥೆ. ಕೋಟೆಯು ಕೆಳದಿಯವರ ವಶವಾದ ಬಳಿಕವೂ ಆರಾಧನೆಯ ಪರಂಪರೆ ಪೂರ್ತಿಯಾಗಿ ತುಂಡಾಗಲಿಲ್ಲ. 1678ರಲ್ಲಿ ಕೆಳದಿ ಸಂಸ್ಥಾನವು ಪೋರ್ಚುಗೀಸರೊಡನೆ ಮಾಡಿಕೊಂಡ ಒಪ್ಪಂದದಂತೆ ಮಿರ್ಜಾನ, ಚಂದಾವರ, ಭಟ್ಕಳ ಮೊದಲಾದೆಡೆಗಳಲ್ಲಿ ಇಗರ್ಜಿಗಳನ್ನು ಕಟ್ಟಲು ಅನುಮತಿ ದೊರೆಯಿತು. ಶೈವ ಅರಸುಮನೆತನವೊಂದು ಅನ್ಯಧರ್ಮದ ಆರಾಧನೆಗೆ ಎಡೆಮಾಡಿಕೊಟ್ಟುದನ್ನು ಈ ಜಿಲ್ಲೆಯ ಇತಿಹಾಸದಲ್ಲಿ ಕೃತಜ್ಞತೆಯಿಂದ ನೆನೆಯಬೇಕು. ಆದರೆ ಕೋಟೆಯನ್ನು ಹಿಡಿದಂದಿನಿಂದ ಸುಮಾರು ನಾಲ್ಕು ಶತಮಾನಗಳ ಕಾಲ, ಚಂದಾವರದ ರೈತನಾಗಲಿ ಹೊನ್ನಾವರದ ಬೆಸ್ತನಾಗಲಿ ಪೆರ್ಪೆತುವಾ ಫೆಲಿಸಿತಾರ ಹೆಸರುಗಳನ್ನು ಪೂಜೆಯಲ್ಲಿ ಕಿವಿಯಾರೆ ಕೇಳುವ ಸಂಭವವಿರಲಿಲ್ಲ. ಪೂಜೆಯ ಭಾಷೆ ಲತೀನ್ ಆಗಿದ್ದುದಷ್ಟೇ ಇದಕ್ಕೆ ಕಾರಣವಲ್ಲ. ಪೀಠದ ಕಡೆಗೆ ಮುಖಮಾಡಿ ನಿಂತ ಗುರುಗಳು ಮಹಾಪ್ರಾರ್ಥನೆಯ ಬಹುಭಾಗವನ್ನು ತಮ್ಮೊಳಗೆ ಪಿಸುಮಾತಿನಲ್ಲಿಯೇ ಹೇಳಿಕೊಳ್ಳಬೇಕೆಂಬುದು ಆಗಿನ ವಿಧಿ. ಜನರು ಆ ಹೊತ್ತಿನಲ್ಲಿ ಜಪಮಣಿಯನ್ನು ಎಣಿಸುತ್ತಲೋ ಮೊಣಕಾಲೂರಿ ಮೌನವಾಗಿಯೋ ಇರುತ್ತಿದ್ದರು. ನಾಮಾವಳಿಯು ನಿತ್ಯವೂ ಉಚ್ಚರಿಸಲ್ಪಡುತ್ತಿದ್ದಿತು, ಕೇಳಿಸುತ್ತಿರಲಿಲ್ಲ.

1963ರ ಡಿಸೆಂಬರ್ 4ರಂದು ಅಂಗೀಕೃತವಾದ ಪೂಜಾವಿಧಿಯ ಸಂವಿಧಾನವು ದೇಶಭಾಷೆಗಳಿಗೆ ಬಾಗಿಲು ತೆರೆಯಿತು. 1967ರಲ್ಲಿ ಮಹಾಪ್ರಾರ್ಥನೆಯನ್ನೂ ದೇಶಭಾಷೆಯಲ್ಲಿ, ಎಲ್ಲರಿಗೂ ಕೇಳಿಸುವಂತೆ, ಹೇಳಲು ಅನುಮತಿ ಬಂದಿತು. ಇನ್ನಾದರೂ ಆ ಹೆಸರುಗಳು ಜನರ ಕಿವಿಗೆ ಬೀಳುವುವೆಂದು ನಿರೀಕ್ಷಿಸುವಷ್ಟರಲ್ಲಿ, 1970ರ ಪೂಜಾಗ್ರಂಥದಲ್ಲಿ ಅವುಗಳ ಸುತ್ತ ಆವರಣಚಿಹ್ನೆಗಳು ಬಂದುವು. ಆವರಣದೊಳಗಿನ ಹೆಸರುಗಳನ್ನು ಗುರುಗಳು ಇಚ್ಛಿಸಿದರೆ ಬಿಡಬಹುದು. ಮೊದಲ ಪಟ್ಟಿಯಲ್ಲಿ ಅಂದ್ರೆಯರ ಮುಂದಿನ ಯಕೋಬರಿಂದ ದಮಿಯಾನರವರೆಗಿನವರು ಆವರಣದೊಳಗೆ ಸೇರಿದರು. ಎರಡನೆಯ ಪಟ್ಟಿಯಲ್ಲಿ ಸ್ನಾನಿಕ ಯೊವಾನ್ನ, ಸ್ತೇಫನ, ಮತ್ತೀಯ, ಬಾರ್ನಬ ಎಂಬ ನಾಲ್ವರು ಹೊರಗುಳಿದು, ಇಗ್ನೇಷಿಯಸರಿಂದ ಮೊದಲಾಗಿ ಏಳು ಮಂದಿ ಸ್ತ್ರೀಯರೂ ಒಳಗಾದರು. ಆವರಣವನ್ನು ಬಿಟ್ಟು ಓದಿದ ದಿನ, ಇಡೀ ಮಹಾಪ್ರಾರ್ಥನೆಯಲ್ಲಿ ಮರಿಯಮ್ಮನವರ ಹೊರತು ಒಬ್ಬ ಸ್ತ್ರೀಯ ಹೆಸರೂ ಉಳಿಯುವುದಿಲ್ಲ. ಇದರ ಮೇಲೆ, ಹೊಸ ಪ್ರಾರ್ಥನೆಗಳಲ್ಲಿ ಎರಡನೆಯದು ಅತ್ಯಂತ ಹ್ರಸ್ವವಾಗಿದ್ದು ವಾರದ ದಿನಗಳಿಗೆ ಸೂಕ್ತವೆಂದೂ, ಮೂರನೆಯದು ಭಾನುವಾರ ಮತ್ತು ಹಬ್ಬಗಳಿಗೆ ಒಪ್ಪುವುದೆಂದೂ ಪೂಜಾಗ್ರಂಥದ ಪೀಠಿಕೆಯೇ ಸೂಚಿಸುವುದರಿಂದ, ಮೊದಲನೆಯ ಪ್ರಾರ್ಥನೆಗೆ ಅವಕಾಶವು ಸ್ವಾಭಾವಿಕವಾಗಿ ಸಂಕುಚಿತವಾಯಿತು. ಸಂಕ್ಷೇಪಕ್ಕೆ ಕಾರಣಗಳಿಲ್ಲದೆ ಇಲ್ಲ. ಪರಿಚಯವಿಲ್ಲದ ಹೆಸರುಗಳ ಸರಮಾಲೆಯು ಭಕ್ತರ ಏಕಾಗ್ರತೆಗೆ ಭಂಗ ತರುವುದೆಂದೂ, ರೋಮ್ ನಗರದ ಸ್ಥಳೀಯ ಸಂತರನ್ನು ಏಷ್ಯ ಆಫ್ರಿಕಗಳ ಜನರ ಮೇಲೆ ಹೊರಿಸಬಾರದೆಂದೂ ವಾದಿಸಿದವರ ಮಾತಿನಲ್ಲಿ ತಥ್ಯಾಂಶವುಂಟು. ಆದರೆ ಅಪರಿಚಯಕ್ಕೆ ಪರಿಹಾರವು ಪರಿಚಯವೇ ಹೊರತು ವರ್ಜನೆಯಲ್ಲ.

ಇನ್ನು ಈ ನೆಲಕ್ಕೆ ಸಮೀಪವಾದ ಹೆಸರುಗಳ ವಿಚಾರ. ಪ್ರತಿಯೊಂದು ಮಹಾಪ್ರಾರ್ಥನೆಯಲ್ಲಿಯೂ ಜಗದ್ಗುರು ಪೋಪರ ಮತ್ತು ಸ್ಥಳದ ಧರ್ಮಾಧ್ಯಕ್ಷರ ಹೆಸರುಗಳನ್ನು ಹೇಳಲೇಬೇಕು. ಮನೆತನದ ಹೆಸರಾಗಲಿ ಬಿರುದುಗಳಾಗಲಿ ಅಲ್ಲಿ ಬರುವುದಿಲ್ಲ. 2025ರ ಮೇ ತಿಂಗಳಿನಿಂದ ಈ ಸ್ಥಾನದಲ್ಲಿ ಲಿಯೋ ಎಂಬ ಹೆಸರು ಕೇಳಿಬರುತ್ತಿದೆ. ಕಾರವಾರದ ಧರ್ಮಾಧ್ಯಕ್ಷರಾಗಿ 2024ರಲ್ಲಿ ನೇಮಕವಾದ ಡುಮಿಂಗ್ ಡಯಾಸರು ಕುಮಟಾ ಹೊನ್ನಾವರ ಭಟ್ಕಳಗಳ ಪೂಜೆಯಲ್ಲಿ ಡುಮಿಂಗ್ ಎಂದಷ್ಟೇ ಸ್ಮರಿಸಲ್ಪಡುತ್ತಾರೆ. ಈ ಒಂದು ಹೆಸರಿನ ಬದಲಾವಣೆಯಲ್ಲಿ ಪ್ರದೇಶದ ಆಡಳಿತಚರಿತ್ರೆಯೇ ಅಡಗಿದೆ. ಬಹುಕಾಲ ಇಲ್ಲಿ ಗೋವೆಯ ಮಹಾಧರ್ಮಾಧ್ಯಕ್ಷರ ಹೆಸರು ಹೇಳಲ್ಪಡುತ್ತಿದ್ದಿತು. 1953ರಲ್ಲಿ ಬೆಳಗಾವಿಯ ಧರ್ಮಕ್ಷೇತ್ರವು ಸ್ಥಾಪಿತವಾದ ಮೇಲೆ ಅಲ್ಲಿಯವರದು. 1976ರಲ್ಲಿ ಕಾರವಾರವು ಪ್ರತ್ಯೇಕ ಧರ್ಮಕ್ಷೇತ್ರವಾಗಿ ವಿಲಿಯಮ್ ಲಿಯೊನಾರ್ಡ್ ಡಿಮೆಲ್ಲೊ ಅವರು ಮೊದಲ ಧರ್ಮಾಧ್ಯಕ್ಷರಾದಂದಿನಿಂದ ಜಿಲ್ಲೆಯು ತನ್ನದೇ ಗುರುವಿನ ಹೆಸರನ್ನು ಹೇಳುತ್ತಿದೆ.

ಸಂತರಲ್ಲಿ ಈ ಭಾಗಕ್ಕೆ ಆತ್ಮೀಯರೆಂದರೆ ಸಂತ ಫ್ರಾನ್ಸಿಸ್ ಸಾವೆರರು. ಹೊನ್ನಾವರ ತಾಲೂಕಿನ ಚಂದಾವರದಲ್ಲಿ ಅವರ ಹೆಸರಿನ ಇಗರ್ಜಿ ಇದ್ದು, ಪ್ರತಿವರ್ಷ ಡಿಸೆಂಬರ್ 3ರಂದು ನಡೆಯುವ ಅಲ್ಲಿಯ ಫೆಸ್ತಿಗೆ ಕ್ರೈಸ್ತರಷ್ಟೇ ಶ್ರದ್ಧೆಯಿಂದ ಇತರ ಧರ್ಮೀಯರೂ ಬರುತ್ತಾರೆ. ಹನುಮಂತನ ಸೀಮೆಯೆಂದು ಪ್ರಸಿದ್ಧವಾದ ಅದೇ ಚಂದಾವರದಲ್ಲಿ, ಹರಕೆಯ ಮೇಣದಬತ್ತಿಯನ್ನು ಕೈಯಲ್ಲಿ ಹಿಡಿದು ಬಿಸಿಲಿನಲ್ಲಿ ಸಾಲುಗಟ್ಟಿ ನಿಂತವರ ನಡುವೆ ಯಾರು ಯಾವ ಮತದವರೆಂದು ಗುರುತಿಸುವುದು ಕಷ್ಟ. 1542ರಲ್ಲಿ ಗೋವೆಗೆ ಬಂದು, 1552ರ ಡಿಸೆಂಬರ್ 3ರಂದು ಚೀನದ ತೀರದ ಸಾನ್ಸಿಯಾನ್ ದ್ವೀಪದಲ್ಲಿ ತೀರಿಕೊಂಡ ಈ ಮಹಾಪುರುಷರ ಹೆಸರು ರೋಮನ್ ಪಟ್ಟಿಯಲ್ಲಿಲ್ಲ; ಈ ಕರಾವಳಿಯ ಮನೆಮನೆಗಳಲ್ಲಿ ಮೊರೆಹೋಗುವ ಪಾದುವದ ಸಂತ ಅಂತೋನಿಯವರ ಹೆಸರೂ ಇಲ್ಲ. ಪಟ್ಟಿಯು ಮುಚ್ಚಿದ ಶತಮಾನಗಳ ಬಳಿಕ ಜನಿಸಿದವರಿಗೆ ದೊರೆಯುವ ಎಡೆ ಬೇರೆ: ಹಬ್ಬದ ದಿನದ ಆರಂಭಪ್ರಾರ್ಥನೆ, ಕಾಣಿಕೆಯ ಪ್ರಾರ್ಥನೆ, ಕೊನೆಯ ಪ್ರಾರ್ಥನೆಗಳಲ್ಲಿ ಅವರ ಸ್ಮರಣೆ ನಡೆಯುತ್ತದೆ, ಮತ್ತು ಮೂರನೆಯ ಮಹಾಪ್ರಾರ್ಥನೆಯಲ್ಲಿ, ಪ್ರೇಷಿತರನ್ನೂ ರಕ್ತಸಾಕ್ಷಿಗಳನ್ನೂ ನೆನೆದ ಮೇಲೆ, ಆ ದಿನದ ಅಥವಾ ಆ ಊರಿನ ಪಾಲಕ ಸಂತರ ಹೆಸರನ್ನು ಸೇರಿಸಿಕೊಳ್ಳಲು ಒಂದು ತೆರಪನ್ನು ಬಿಟ್ಟಿದ್ದಾರೆ. ಆ ತೆರಪಿನಲ್ಲಿ ಚಂದಾವರದ ಗುರುಗಳು ಸಾವೆರರನ್ನು ಹೆಸರಿಸಬಹುದು. ಹೊಸ ಪೂಜಾವಿಧಿಯ ಉಪಕಾರಗಳಲ್ಲಿ ಇದೊಂದು ದೊಡ್ಡದು.

ಈ ತೆರಪಿನಲ್ಲಿ ಹೆಚ್ಚಾಗಿ ಕೇಳಿಬರಬೇಕಾದ ಇನ್ನೊಂದು ಹೆಸರುಂಟು. ಗೋವೆಯ ಬೆನಾವ್ಲಿಯಲ್ಲಿ 1651ರಲ್ಲಿ ಹುಟ್ಟಿದ ಜೋಸೆಫ್ ವಾಜರು 1681ರಿಂದ 1684ರವರೆಗೆ ಕೆನರಾದಲ್ಲಿ ಗುರುಗಳಾಗಿ ದುಡಿದವರು. ಗೋವೆಯ ಮಹಾಧರ್ಮಾಧ್ಯಕ್ಷರ ಅಧಿಕಾರಕ್ಕೂ ರೋಮ್ ನೇರವಾಗಿ ಕಳುಹಿಸಿದ ಧರ್ಮಾಧ್ಯಕ್ಷರ ಅಧಿಕಾರಕ್ಕೂ ನಡುವೆ ನಡೆಯುತ್ತಿದ್ದ ಕಲಹದಲ್ಲಿ ಕಂಗೆಟ್ಟಿದ್ದ ಕರಾವಳಿಯ ವಿಶ್ವಾಸಿಗಳನ್ನು ಸಂತೈಸಿ, ಬಡತನದಲ್ಲಿ ಊರೂರು ಅಲೆದು, ಶಾಲೆಗಳನ್ನೂ ಭಕ್ತಸಂಘಗಳನ್ನೂ ಕಟ್ಟಿದವರು. ಬಳಿಕ ಡಚ್ಚರ ಕಿರುಕುಳದಲ್ಲಿ ನರಳುತ್ತಿದ್ದ ಸಿಂಹಳದ ಕಥೋಲಿಕರ ಬಳಿಗೆ 1687ರಲ್ಲಿ ಕೂಲಿಯವನ ವೇಷದಲ್ಲಿ ಹೋಗಿ, 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ದೇಹವಿಟ್ಟರು. 2015ರ ಜನವರಿ 14ರಂದು ಕೊಲಂಬೊದಲ್ಲಿ ಪೋಪ್ ಫ್ರಾನ್ಸಿಸರು ಅವರನ್ನು ಸಂತರೆಂದು ಸಾರಿದರು. ಮಂಗಳೂರಿನ ಬಳಿಯ ಮುಡಿಪಿನಲ್ಲಿ ಅವರ ಪುಣ್ಯಕ್ಷೇತ್ರವಿದೆ. ಕೊಂಕಣಿಯು ಯಾರ ತಾಯ್ನುಡಿಯಾಗಿದ್ದಿತೋ, ಈ ಕೆನರಾದ ನೆಲವನ್ನು ಯಾರು ಕಾಲ್ನಡಿಗೆಯಿಂದ ತುಳಿದರೋ ಅಂಥ ಸಂತರೊಬ್ಬರನ್ನು ಜನವರಿ 16ರಂದು ಮಾತ್ರ ನೆನೆದರೆ ಸಾಲದು.

ಪ್ರಾಚೀನ ಪಟ್ಟಿಯಲ್ಲಿಯೂ ನಮ್ಮ ಕಡಲಿಗೆ ಸಂಬಂಧಿಸಿದ ಇಬ್ಬರಿದ್ದಾರೆ. ಪ್ರೇಷಿತ ತೋಮರು ಕ್ರಿ.ಶ. 52ರಲ್ಲಿ ಮಲಬಾರಿಗೆ ಬಂದು ಮೈಲಾಪುರದಲ್ಲಿ ಹತರಾದರೆಂಬುದು ಕೇರಳದ ಕ್ರೈಸ್ತರ ದೃಢವಾದ ಪರಂಪರೆ. ಬಾರ್ತೊಲೊಮಾಯರ ವಿಷಯ ಅಷ್ಟು ಪ್ರಸಿದ್ಧವಲ್ಲ: ಭಾರತಕ್ಕೆ ಬಂದ ಪಾಂತೇನನೆಂಬ ವಿದ್ವಾಂಸನಿಗೆ, ಬಾರ್ತೊಲೊಮಾಯರು ಬಿಟ್ಟುಹೋಗಿದ್ದ ಮತ್ತಾಯನ ಶುಭಸಂದೇಶವು ದೊರೆಯಿತೆಂದು ನಾಲ್ಕನೆಯ ಶತಮಾನದ ಇತಿಹಾಸಕಾರ ಯುಸೇಬಿಯಸನು ಬರೆದಿದ್ದಾನೆ, ಅವರು ಕಾಲಿಟ್ಟ ಸ್ಥಳವು ಕೊಂಕಣದ ಕಲ್ಯಾಣವೆಂದು ಕೆಲವು ಭಾರತೀಯ ಇತಿಹಾಸಕಾರರು ವಾದಿಸಿದ್ದಾರೆ. ಆ ಕಾಲದ ಭಾರತವೆಂಬ ಶಬ್ದದ ಮೇರೆಗಳು ಅನಿಶ್ಚಿತವಾಗಿದ್ದುದರಿಂದ ವಾದವು ಸಿದ್ಧಾಂತವಾಗಿಲ್ಲ. ಆದರೂ, ಮೊದಲ ಪಟ್ಟಿಯ ಆವರಣವನ್ನು ಬಿಟ್ಟಾಗ ಈ ಇಬ್ಬರ ಹೆಸರುಗಳೂ ಬಿಟ್ಟುಹೋಗುತ್ತವೆಂಬುದನ್ನು ಭಾರತದ ಗುರುಗಳು ವಿಶೇಷವಾಗಿ ಗಮನಿಸಬೇಕು.

ಮರಿಯಮ್ಮನವರ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಪಾಪನಿವೇದನೆ, ವಿಶ್ವಾಸಪ್ರಮಾಣ, ಮಹಾಪ್ರಾರ್ಥನೆ ಎಂಬ ಮೂರೆಡೆಗಳಲ್ಲಿಯೂ ಹೆಸರಿನಿಂದ ಕರೆಯಲ್ಪಡುವವರು ಅವರೊಬ್ಬರೇ. ಸೆಪ್ಟೆಂಬರ್ 8ರ ಮೊಂತಿ ಫೆಸ್ತಿನಲ್ಲಿ ಹೊಸ ತೆನೆಯನ್ನು ಆಶೀರ್ವದಿಸಿ ಮನೆಗೆ ಕೊಂಡೊಯ್ಯುವ ಕರಾವಳಿಯ ಕ್ರೈಸ್ತನಿಗೆ ಆ ಹೆಸರನ್ನು ಯಾರೂ ಪರಿಚಯಿಸಬೇಕಾಗಿಲ್ಲ.

ಕಟ್ಟಕಡೆಗೆ, ಮೃತರ ಸ್ಮರಣೆ. ಒಂದು ಕುಟುಂಬದವರು ತಮ್ಮ ತೀರಿಕೊಂಡವರಿಗಾಗಿ ಪೂಜೆಯನ್ನರ್ಪಿಸಿದಾಗ ಅವರ ಹೆಸರನ್ನು ಪೀಠದಿಂದ ಹೇಳುತ್ತಾರೆ. ಸಂತಪದವಿ ಇಲ್ಲದ, ಊರಿನ ಹೊರಗೆ ಯಾರೂ ಅರಿಯದ ಆ ಹೆಸರು, ಮಹಾಪ್ರಾರ್ಥನೆಯೊಳಗೆ ಮೃತರಿಗಾಗಿ ಮೀಸಲಾದ ಭಾಗದಲ್ಲಿ ಪೇತ್ರ ಪೌಲರ ಹೆಸರುಗಳೊಡನೆ ಒಂದೇ ಪ್ರಾರ್ಥನೆಯಲ್ಲಿ ಕೂಡುತ್ತದೆ. ಹಳೆಯ ಹಲಗೆಗಳ ಆಚಾರವು ಇಂದಿಗೂ ಜೀವಂತವಾಗಿ ಉಳಿದಿರುವುದು ಇಲ್ಲಿಯೇ. 1784ರಲ್ಲಿ ಕೆನರಾದ ಕ್ರೈಸ್ತರು ಟಿಪ್ಪು ಸುಲ್ತಾನನ ಆಜ್ಞೆಯಂತೆ ಶ್ರೀರಂಗಪಟ್ಟಣಕ್ಕೆ ಒಯ್ಯಲ್ಪಟ್ಟು, 1799ರವರೆಗಿನ ಸೆರೆಯಲ್ಲಿ ಸಾವಿರಾರು ಮಂದಿ ಅಳಿದರು; ಅವರಲ್ಲಿ ಬಹುಪಾಲು ಜನರ ಹೆಸರುಗಳು ಯಾವ ದಾಖಲೆಯಲ್ಲಿಯೂ ಇಲ್ಲ. ನವೆಂಬರ್ 2ರ ಸಕಲ ಮೃತರ ದಿನದಂದು, ಹೆಸರು ಅಳಿದವರಿಗಾಗಿಯೂ ಪ್ರಾರ್ಥಿಸುವ ಸಭೆಯು ಅವರನ್ನೂ ಒಳಗೊಳ್ಳುತ್ತದೆಂದು ನಾನು ನಂಬುತ್ತೇನೆ.

ಇಷ್ಟನ್ನು ಪರಿಶೀಲಿಸಿದ ಮೇಲೆ ಕುಮಟಾ, ಹೊನ್ನಾವರ, ಭಟ್ಕಳ ತಾಲೂಕುಗಳ ಇಗರ್ಜಿಗಳ ಗುರುಗಳಲ್ಲಿ ನನ್ನದೊಂದು ವಿನಂತಿಯಿದೆ. ಪಟ್ಟಿಯಲ್ಲಿರುವ ಪ್ರೇಷಿತರ ಮತ್ತು ಸಂತರ ಹಬ್ಬಗಳಿಗೆ ಮೊದಲನೆಯ ಮಹಾಪ್ರಾರ್ಥನೆಯೇ ವಿಶೇಷವಾಗಿ ಒಪ್ಪುವುದೆಂದು ಪೂಜಾಗ್ರಂಥವು ತಾನೇ ಹೇಳುತ್ತದೆ. ಜನವರಿ 21ರ ಆಗ್ನೆಸರ, ಮಾರ್ಚ್ 7ರ ಪೆರ್ಪೆತುವಾ ಫೆಲಿಸಿತಾರ, ಜುಲೈ 3ರ ತೋಮರ, ಆಗಸ್ಟ್ 10ರ ಲಾರೆನ್ಸರ, ಆಗಸ್ಟ್ 24ರ ಬಾರ್ತೊಲೊಮಾಯರ, ಸೆಪ್ಟೆಂಬರ್ 26ರ ಕೊಸ್ಮ ದಮಿಯಾನರ ದಿನಗಳಲ್ಲಾದರೂ ಆ ಪ್ರಾರ್ಥನೆಯನ್ನು, ಆವರಣದೊಳಗಿನ ಒಂದು ಹೆಸರನ್ನೂ ಬಿಡದೆ, ನಿಧಾನವಾಗಿ, ಎಲ್ಲರಿಗೂ ಕೇಳಿಸುವಂತೆ ಹೇಳಬೇಕು. ಮುಂಚಿನ ಭಾನುವಾರದ ಪ್ರಬೋಧನೆಯಲ್ಲಿ ಒಬ್ಬಿಬ್ಬರ ವೃತ್ತಾಂತವನ್ನು ತಿಳಿಸಬೇಕು. ಮಕ್ಕಳ ಧರ್ಮೋಪದೇಶದ ತರಗತಿಗಳಲ್ಲಿ ಆ ಮೂವತ್ತೊಂಬತ್ತು ಹೆಸರುಗಳನ್ನು ಅವರವರ ಕಥೆಯೊಡನೆ ಕಲಿಸಬೇಕು. ಎರಡು ಪಟ್ಟಿಗಳನ್ನೂ ಪೂರ್ತಿಯಾಗಿ ಓದುವುದಕ್ಕೆ ಒಂದು ನಿಮಿಷವೂ ಬೇಕಾಗುವುದಿಲ್ಲ.